ಅಂಗಳದ ಅಡಿಕೆ, ಎರಡು ನಿಮಿಷದ ಅಪರಾಧ

ಪತ್ರಿಕೋದ್ಯಮ ಪದವಿಯ ಕೊನೆಯ ವರ್ಷದಲ್ಲಿ ನಮಗೊಂದು ಪ್ರಾಜೆಕ್ಟ್ ಇತ್ತು. ನಾಲ್ವರ ತಂಡ ಕಟ್ಟಿಕೊಂಡು ಒಂದು ಅಪರಾಧ ಚಿತ್ರದ ಆರಂಭವನ್ನಷ್ಟೇ ಚಿತ್ರೀಕರಿಸಿ ಒಪ್ಪಿಸಬೇಕು. ಶೀರ್ಷಿಕೆಗಳೂ ಸೇರಿ ಅದು ಎರಡು ನಿಮಿಷ ಮೀರಬಾರದು. ಪೂರ್ತಿ ಚಿತ್ರ ಬೇಕಿಲ್ಲ, ಅಪರಾಧಿ ಯಾರೆಂದು ಹೇಳಬೇಕಿಲ್ಲ. ಕೇಳಿದಾಗ ಇದು ಬಹಳ ಸುಲಭವೆನಿಸಿತು. ಕಥೆ ಮುಗಿಸುವ ಹೊಣೆಯೇ ಇಲ್ಲದ ಮೇಲೆ ಕಷ್ಟವೇನಿದೆ ಎಂದುಕೊಂಡ ನಾವು ಮೊದಲ ಚಿತ್ರಕಥೆಯನ್ನು ಒಂದೇ ಸಂಜೆಯಲ್ಲಿ ಬರೆದು ಮುಗಿಸಿದೆವು. ಬೆಂಗಳೂರಿನ ಒಂದು ಅಂಡರ್‌ಪಾಸ್, ಮಳೆ, ಸುತ್ತುವ ಕೆಂಪು ನೀಲಿ ದೀಪದ ಜೀಪು, ಹಳದಿ ಪಟ್ಟಿಯ ಆಚೆ ಬಟ್ಟೆ ಹೊದಿಸಿದ ದೇಹ, ಸಿಗರೇಟು ಹಚ್ಚಿಕೊಂಡು ಇಳಿಯುವ ಇನ್ಸ್‌ಪೆಕ್ಟರ್.

ಅದನ್ನು ಓದಿದ ನಮ್ಮ ಅಧ್ಯಾಪಕರು ಕೇಳಿದ್ದು ಒಂದೇ ಪ್ರಶ್ನೆ: “ಈ ಹಳದಿ ಪಟ್ಟಿಯನ್ನು ನಿಮ್ಮಲ್ಲಿ ಯಾರು, ಯಾವ ಬೀದಿಯಲ್ಲಿ ಕಣ್ಣಾರೆ ನೋಡಿದ್ದೀರಿ?” ನಾಲ್ವರಲ್ಲಿ ಒಬ್ಬರೂ ನೋಡಿರಲಿಲ್ಲ. ನಾವು ನೋಡಿದ್ದು ಅದನ್ನು ತೋರಿಸಿದ ಸರಣಿಗಳನ್ನು.

ಹೀಗಾಗಿ ಕ್ಯಾಮೆರಾ ಮುಟ್ಟುವ ಮೊದಲು ಗೆಳತಿಯ ಸಂಬಂಧಿಕರಾದ ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಒಬ್ಬರನ್ನು ಕಂಡು ಮಾತನಾಡಿದೆವು. ಹಳ್ಳಿಯಲ್ಲಿ ಇಂಥದ್ದೇನಾದರೂ ನಡೆದರೆ ಪೊಲೀಸರು ಬರುವಷ್ಟರಲ್ಲಿ ಅರ್ಧ ಊರು ಅಲ್ಲಿ ಓಡಾಡಿ ಮುಗಿದಿರುತ್ತದೆ ಎಂದು ಅವರು ಹೇಳಿದರು. ಸ್ಥಳ ಮಹಜರಿಗೆ, ಅಂದರೆ ಘಟನೆ ನಡೆದ ಜಾಗದಲ್ಲಿ ಕಂಡದ್ದನ್ನು ಬರೆದಿಡುವ ಕೆಲಸಕ್ಕೆ, ಸಾಕ್ಷಿಗಳಾಗಿ ಇಬ್ಬರು ಪಂಚರನ್ನು ಹೊಂದಿಸುವುದೇ ಎಷ್ಟೋ ಸಲ ದೊಡ್ಡ ಕೆಲಸವಂತೆ, ಏಕೆಂದರೆ ಮುಂದೆ ಕೋರ್ಟಿಗೆ ಅಲೆಯಬೇಕಾದೀತೆಂದು ಜನ ಹಿಂಜರಿಯುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಆಡಿಯೊ, ವಿಡಿಯೊ ಮೂಲಕ ದಾಖಲಿಸಬೇಕಾಗಿರುವುದರಿಂದ ಈಗ ಮಹಜರು ಬರೆಯುವವರ ಪಕ್ಕದಲ್ಲಿ ಮೊಬೈಲು ಹಿಡಿದವರೂ ನಿಂತಿರುತ್ತಾರೆ ಎಂಬುದು ನಮಗೆ ಹೊಸ ವಿಷಯವಾಗಿತ್ತು. ಆದರೆ ಆ ಭೇಟಿಯಿಂದ ನಾವು ತಂದ ಮುಖ್ಯ ನಿರ್ಧಾರ ಬೇರೆಯೇ. ಪೊಲೀಸರು ಬಂದು ಇಳಿಯುವ ಹೊತ್ತಿಗೆ, ಯಾರೋ ಒಬ್ಬರು ಯಾವುದೋ ಒಂದು ವಸ್ತು ಇರಬೇಕಾದ ಜಾಗದಲ್ಲಿ ಇಲ್ಲವೆಂದು ಗಮನಿಸಿ ಆಗಿರುತ್ತದೆ. ಚಿತ್ರದ ಆರಂಭ ಆ ಗಮನಿಸುವಿಕೆಯಲ್ಲಿದೆ. ಹಾಗಾಗಿ ಜೀಪು, ಇನ್ಸ್‌ಪೆಕ್ಟರ್, ಸಿಗರೇಟು ಮೂರನ್ನೂ ತೆಗೆದುಹಾಕಿದೆವು.

ಉಳಿದದ್ದು ಏನೂ ಇಲ್ಲದ್ದರಿಂದ ನಾನು ನನ್ನ ಊರನ್ನು ಮುಂದಿಟ್ಟೆ. ಸಾಗರ ತಾಲ್ಲೂಕಿನಲ್ಲಿರುವ ನಮ್ಮ ಹಳ್ಳಿಯಲ್ಲಿ ಡಿಸೆಂಬರ್ ಎಂದರೆ ಅಡಿಕೆ ಕೊಯ್ಲಿನ ಕಾಲ. ಕೊನೆಗೌಡ ಮರ ಏರಿ ಕೊನೆ, ಅಂದರೆ ಅಡಿಕೆ ಗೊಂಚಲು, ಇಳಿಸುತ್ತಾನೆ, ಜಗಲಿಯಲ್ಲಿ ರಾತ್ರಿಯವರೆಗೂ ಮೆಟ್ಟುಗತ್ತಿಯಲ್ಲಿ ಹಸಿ ಅಡಿಕೆ ಸುಲಿಯುತ್ತಾರೆ, ಹಂಡೆಯಲ್ಲಿ ಬೇಯಿಸುತ್ತಾರೆ, ಅಂಗಳದಲ್ಲಿ ಹರವಿ ಒಣಗಿಸುತ್ತಾರೆ. ವರ್ಷದ ದುಡಿಮೆಯೆಲ್ಲ ಕೆಲವು ವಾರ ಮನೆಯ ಎದುರು, ಆಕಾಶದ ಕೆಳಗೆ, ಬಾಗಿಲೂ ಬೀಗವೂ ಇಲ್ಲದೆ ಬಿದ್ದಿರುತ್ತದೆ. ಅಡಿಕೆಗೆ ಬೆಲೆ ಬಂದ ವರ್ಷಗಳಲ್ಲಿ ಕಳ್ಳತನದ ಭಯವೂ ಜೊತೆಗೇ ಬಂದಿದೆ. ಇರುಳು ಅಂಗಳದಲ್ಲಿ ನಾಯಿ ಬೊಗಳಿದರೆ ಮನೆಯವರೆಲ್ಲ ಎದ್ದು ಕೂರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ನಮ್ಮ ಎರಡು ನಿಮಿಷ ಇಷ್ಟೇ ಆಯಿತು: ವಯಸ್ಸಾದ ಒಬ್ಬರು ರಾತ್ರಿ ಒಬ್ಬರೇ ಕುಳಿತು ಅಡಿಕೆ ಸುಲಿಯುತ್ತಿದ್ದಾರೆ, ಅಂಗಳದಲ್ಲಿ ಏನೋ ಸದ್ದಾಗುತ್ತದೆ, ಬ್ಯಾಟರಿ ಹಿಡಿದು ಹೋಗುತ್ತಾರೆ, ಬೆಳಗಾದಾಗ ಮೆಟ್ಟುಗತ್ತಿ ಅಲ್ಲೇ ಇದೆ, ಅವರಿಲ್ಲ.

ಆ ಪಾತ್ರವನ್ನು ಪಕ್ಕದ ಮನೆಯ ದೊಡ್ಡಪ್ಪ ಮಾಡಿದರು. ನಾವು ಬರೆದುಕೊಂಡು ಹೋದ ದೃಶ್ಯದಲ್ಲಿ, ಟಾರ್ಪಾಲಿನ ಹಿಂದೆ ಮೊದಲು ಒಂದು ಬೆಳಕು ಆಡುತ್ತದೆ, ಅದನ್ನು ಕಂಡು ಅವರು ಏಳುತ್ತಾರೆ. ದೊಡ್ಡಪ್ಪ ಅದನ್ನು ಕೇಳಿಸಿಕೊಂಡು, “ಅಲ್ಲ ಕೂಸೇ, ಅಡಿಕೆ ಕದಿಯೋಕೆ ಬಂದವ ಲೈಟ್ ಹಾಕ್ಕೊಂಡು ಬರ್ತಾನಾ?” ಎಂದರು. ಹಾಗಾದರೆ ಯಾರೋ ಬಂದಿದ್ದಾರೆಂದು ನಿಮಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದೆ. ಜೀರುಂಡೆಗಳಿಂದ ಎಂದರು. ತೋಟದ ಅಂಚಿನಲ್ಲಿ ಯಾರಾದರೂ ಕಾಲಿಟ್ಟರೆ ಆ ಬದಿಯ ಜೀರುಂಡೆಗಳು ಕೂಗು ನಿಲ್ಲಿಸುತ್ತವೆ. ಸದ್ದು ಬಂದಾಗ ಅಲ್ಲ, ನಿಂತಾಗ ಎಚ್ಚರವಾಗುತ್ತದೆ. ಹುಟ್ಟಿದಾಗಿನಿಂದ ಆ ಊರಿನಲ್ಲಿ ಮಲಗಿದ ನನಗೂ ಇದನ್ನು ಒಂದು ದೃಶ್ಯವಾಗಿ ಕಾಣಲು ಆಗಿರಲಿಲ್ಲ.

ಧ್ವನಿಯ ಬಗ್ಗೆ ನಾನು ಕಲಿತದ್ದೆಲ್ಲ ಆ ಮಾತಿನಿಂದ ಆರಂಭವಾಯಿತು. ನಿಶ್ಶಬ್ದ ಕೇಳಿಸಬೇಕಾದರೆ ಅದಕ್ಕೂ ಮುಂಚೆ ಸದ್ದು ಕಿವಿಗೆ ರೂಢಿಯಾಗಿರಬೇಕು, ಅದೂ ಪ್ರೇಕ್ಷಕ ಅದನ್ನು ಸದ್ದೆಂದು ಲೆಕ್ಕಿಸದಷ್ಟು ರೂಢಿಯಾಗಿರಬೇಕು. ಮೊದಲ ರಾತ್ರಿ ಪ್ರತಿ ಶಾಟಿನ ಜೊತೆ ಬಂದ ಧ್ವನಿಯನ್ನೇ ಬಳಸಿ ಜೋಡಿಸಿ ನೋಡಿದಾಗ, ಒಂದೊಂದು ಶಾಟು ಬದಲಾದಾಗಲೂ ಜೀರುಂಡೆಯ ದನಿ ಏರುತ್ತಲೂ ಇಳಿಯುತ್ತಲೂ ಇತ್ತು; ನಮಗೆ ಬೇಕಾದ ಒಂದು ನಿಶ್ಶಬ್ದ ಆ ಹತ್ತು ಹನ್ನೆರಡು ಏರಿಳಿತಗಳಲ್ಲಿ ಕಳೆದುಹೋಗಿತ್ತು. ಮರುರಾತ್ರಿ ಎಲ್ಲರನ್ನೂ ಒಳಗೆ ಕಳುಹಿಸಿ, ರೆಕಾರ್ಡರನ್ನು ಜಗಲಿಯ ಕಟ್ಟೆಯ ಮೇಲಿಟ್ಟು, ಮೂರು ನಿಮಿಷ ಕದಲದೆ ಕುಳಿತು ಒಂದೇ ಅಖಂಡ ಧ್ವನಿಯನ್ನು ಹಿಡಿದೆ. ಸುಲಿಯುವ ಸದ್ದನ್ನು ಬೇರೆಯಾಗಿ, ಮೆಟ್ಟುಗತ್ತಿಗೆ ಒಂದು ಗೇಣು ದೂರದಿಂದ ಹಿಡಿದೆವು. ಸಿಪ್ಪೆಗೆ ಅಲಗು ಕಚ್ಚುವಾಗಿನ ಸಣ್ಣ ಕರಕರ, ಆಮೇಲೆ ಸಿಪ್ಪೆ ಬಿಡುವ ಸದ್ದು, ಆಮೇಲೆ ಬುಟ್ಟಿಗೆ ಬೀಳುವ ಸದ್ದು. ಈ ಮೂರು ಸೇರಿ ಒಂದು ಲಯ. ಪರದೆ ಕಪ್ಪಾಗಿರುವಾಗಲೇ ಆ ಲಯ ಶುರುವಾಗುತ್ತದೆ, ಹೆಸರುಗಳು ಅದರ ಮೇಲೆ ಬರುತ್ತವೆ. ಮೂವತ್ತೆಂಟನೆಯ ಸೆಕೆಂಡಿನಲ್ಲಿ ಜೀರುಂಡೆ ನಿಲ್ಲುತ್ತದೆ. ಎರಡು ಅಡಿಕೆಗಳ ನಂತರ ಸುಲಿಯುವ ಕೈಯೂ ನಿಲ್ಲುತ್ತದೆ. ಸಂಗೀತ ಬಳಸಲೇ ಇಲ್ಲ. ಇಡೀ ಪ್ರಾಜೆಕ್ಟಿನಲ್ಲಿ ನನಗೆ ಅತ್ಯಂತ ಸಮಾಧಾನ ತಂದ ನಿರ್ಧಾರ ಅದು.

ಕ್ಯಾಮೆರಾದ ಪಾಠಗಳು ಇದಕ್ಕಿಂತ ಒರಟಾಗಿದ್ದವು. ಎರಡು ಮೊಬೈಲು, ಒಂದು ಟ್ರೈಪಾಡು ನಮ್ಮ ಸಲಕರಣೆ. ಜಗಲಿಯ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಮೊದಲ ದಿನದ ಶಾಟುಗಳಲ್ಲೆಲ್ಲ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಹರಿಯುತ್ತಿದ್ದವು. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಮೊಬೈಲು ತಾನಾಗಿ ಆರಿಸಿಕೊಂಡ ಶಟರ್ ವೇಗ ಅದಕ್ಕೆ ತಾಳೆಯಾಗದಿದ್ದರೆ ಈ ಪಟ್ಟೆ ಮೂಡುತ್ತದೆ. ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಎಂದು ಕೈಯಾರೆ ನಿಗದಿ ಮಾಡಿದ ಮೇಲೆ ಪಟ್ಟೆ ಹೋಯಿತು, ಒಂದು ದಿನದ ಕೆಲಸವೂ ಹೋಯಿತು. ಪೂರ್ತಿ ಕತ್ತಲಲ್ಲಿ ಮೊಬೈಲಿನ ಚಿತ್ರ ಕಾಳು ಕಾಳಾಗುತ್ತಿದ್ದುದರಿಂದ, ಅಂಗಳದ ವಿಶಾಲ ಶಾಟುಗಳನ್ನು ಸೂರ್ಯ ಮುಳುಗಿದ ನಂತರದ ಇಪ್ಪತ್ತು ನಿಮಿಷಗಳಲ್ಲಿ, ಆಕಾಶದಲ್ಲಿ ಇನ್ನೂ ನೀಲಿ ಉಳಿದಿರುವಾಗ ತೆಗೆದು, ಆಮೇಲೆ ಬೆಳಕು ತಗ್ಗಿಸಿ ರಾತ್ರಿಯಾಗಿಸಿದೆವು. ದಿನಕ್ಕೆ ಇಪ್ಪತ್ತೇ ನಿಮಿಷ ಸಿಗುವಾಗ ಪಾತ್ರಧಾರಿ ಎಲ್ಲಿಂದ ಎಲ್ಲಿಗೆ ನಡೆಯಬೇಕೆಂಬುದನ್ನು ಮಧ್ಯಾಹ್ನವೇ ಹೆಜ್ಜೆ ಎಣಿಸಿ ಗುರುತು ಹಾಕದಿದ್ದರೆ ಏನೂ ಆಗುವುದಿಲ್ಲ.

ಹೆಜ್ಜೆ ಎಣಿಸಿಯೂ ಒಂದು ಕಡೆ ತಪ್ಪಿದೆವು. ದೊಡ್ಡಪ್ಪ ಜಗಲಿಯಿಂದ ಅಂಗಳಕ್ಕಿಳಿದು ಟಾರ್ಪಾಲಿನ ಕಡೆಗೆ, ಪರದೆಯಲ್ಲಿ ಎಡದಿಂದ ಬಲಕ್ಕೆ, ನಡೆಯುತ್ತಾರೆ. ಮುಂದಿನ ಶಾಟಿಗೆ ಕ್ಯಾಮೆರಾವನ್ನು ನಾವು ಅವರ ನಡಿಗೆಯ ಗೆರೆ ದಾಟಿಸಿ ಆಚೆ ಬದಿಯಲ್ಲಿಟ್ಟಿದ್ದರಿಂದ, ಜೋಡಿಸಿ ನೋಡಿದಾಗ ಅವರು ಹೆದರಿ ಮನೆಗೆ ಹಿಂದಿರುಗುತ್ತಿರುವಂತೆ ಕಂಡರು. ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿರಬೇಕೆಂಬ ನೂರೆಂಬತ್ತು ಡಿಗ್ರಿಯ ನಿಯಮವನ್ನು ಪರೀಕ್ಷೆಯಲ್ಲಿ ಚಿತ್ರ ಬರೆದು ವಿವರಿಸಿ ಅಂಕ ಪಡೆದವರೇ ನಾವೆಲ್ಲ. ಮರುದಿನ ಸಂಜೆ ಮತ್ತೆ ತೆಗೆಯಲು ಹೋದಾಗ ಇನ್ನೊಂದು ಸಮಸ್ಯೆ ಕಾದಿತ್ತು: ಹಿಂದಿನ ದಿನ ಅಂಗಳದ ತುಂಬ ಇದ್ದ ಅಡಿಕೆಯಲ್ಲಿ ಅರ್ಧ ಒಣಗಿತೆಂದು ಚೀಲ ಸೇರಿತ್ತು. ಕೊಯ್ಲಿನ ಮನೆ ನಮ್ಮ ಕಂಟಿನ್ಯುಟಿಗಾಗಿ, ಶಾಟಿನಿಂದ ಶಾಟಿಗೆ ಎಲ್ಲವೂ ಒಂದೇ ಥರ ಕಾಣಲೆಂದು, ಕಾಯುವುದಿಲ್ಲ, ಕಾಯಬೇಕೆಂದು ಕೇಳುವ ಧೈರ್ಯವೂ ನನಗಿರಲಿಲ್ಲ. ಕ್ಯಾಮೆರಾ ತಗ್ಗಿಸಿ, ಉಳಿದ ಅಡಿಕೆ ಚೌಕಟ್ಟು ತುಂಬುವಂತೆ ಹತ್ತಿರದಿಂದ ತೆಗೆದೆವು. ಮೊದಲಿನ ಶಾಟಿಗಿಂತ ಅದೇ ಚೆನ್ನಾಗಿ ಬಂತು.

ಹಿಂಸೆಯನ್ನು ಎಷ್ಟು ತೋರಿಸಬೇಕೆಂಬ ವಿಷಯದಲ್ಲಿ ತಂಡದಲ್ಲಿ ಜಗಳವೇ ಆಯಿತು. ಒಬ್ಬ ಗೆಳೆಯನಿಗೆ ಹೊಡೆತವೊಂದನ್ನಾದರೂ ತೋರಿಸದಿದ್ದರೆ ಇದು ಅಪರಾಧ ಚಿತ್ರವೆಂದು ಯಾರೂ ನಂಬುವುದಿಲ್ಲ ಎನಿಸಿತ್ತು. ಅವನ ಆತಂಕ ನ್ಯಾಯವಾದದ್ದೇ; ಪ್ರಕಾರದ ಗುರುತು ಸಿಗದಿದ್ದರೆ ಪ್ರೇಕ್ಷಕ ಏನನ್ನು ಕಾಯಬೇಕೆಂದು ತಿಳಿಯದೆ ಕೂರುತ್ತಾನೆ. ಹೊಡೆತ ತೋರಿಸುವುದು ಬೇಡವೆಂಬ ತೀರ್ಮಾನಕ್ಕೆ ಬರಲು ನೆರವಾದದ್ದು ತರಗತಿಯಲ್ಲಿ ನೋಡಿದ್ದ, ಫ್ರಿಟ್ಸ್ ಲಾಂಗ್ 1931ರಲ್ಲಿ ಜರ್ಮನಿಯಲ್ಲಿ ತೆಗೆದ ‘ಎಂ’ ಚಿತ್ರದ ಆರಂಭ. ಶಾಲೆಯಿಂದ ಬರಬೇಕಾದ ಮಗಳಿಗಾಗಿ ತಾಯಿ ತಟ್ಟೆ ಇಟ್ಟು ಕಾಯುತ್ತಾಳೆ, ಹೆಸರು ಕೂಗುತ್ತಾಳೆ. ಆ ಕೂಗಿನ ಮೇಲೆ ಖಾಲಿ ಮೆಟ್ಟಿಲು, ಬಟ್ಟೆ ಒಣಗುತ್ತಿರುವ ಖಾಲಿ ಅಟ್ಟ, ಮುಟ್ಟದ ತಟ್ಟೆ ಬರುತ್ತವೆ. ಆಮೇಲೆ ಪೊದೆಯಿಂದ ಉರುಳಿ ಬರುವ ಚೆಂಡು, ತಂತಿಗೆ ಸಿಕ್ಕಿಕೊಂಡ ಬಲೂನು. ಕೊಲೆಯ ಒಂದು ಚೌಕಟ್ಟೂ ಅಲ್ಲಿಲ್ಲ. ಆ ಚೆಂಡು ಮತ್ತು ಬಲೂನನ್ನು ಮಗುವಿನ ಕೈಯಲ್ಲಿ ಮೊದಲೇ ತೋರಿಸಿರುವುದರಿಂದಲೇ ಕೊನೆಯಲ್ಲಿ ಅವು ಅಷ್ಟು ಹೇಳುತ್ತವೆ ಎಂಬುದನ್ನು ನಾನು ಗಮನಿಸಿದ್ದು ಎರಡನೆಯ ಬಾರಿ ನೋಡಿದಾಗ. ಗಮನಿಸಿಯೂ ನಮ್ಮ ಚಿತ್ರಕ್ಕೆ ಅದನ್ನು ಅನ್ವಯಿಸಲಿಲ್ಲ.

ಶೀರ್ಷಿಕೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಕನ್ನಡದಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳೆಲ್ಲ ಇಲ್ಲಿ ಒಂದು ರಾತ್ರಿ ಕಳೆದುಕೊಳ್ಳುತ್ತಾರೆ. ಎಡಿಟಿಂಗ್ ತಂತ್ರಾಂಶದಲ್ಲಿ ಯುನಿಕೋಡಿನಲ್ಲಿ ಬರೆದ ಹೆಸರುಗಳ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಂದು ನಿಂತವು. ‘ನಿರ್ದೇಶನ’ ಎಂಬ ಪದ ಓದಲಾಗದಂತಾಯಿತು. ಕೊನೆಗೆ ಪ್ರತಿ ಹೆಸರನ್ನೂ ಬೇರೆ ತಂತ್ರಾಂಶದಲ್ಲಿ ಬರೆದು ಚಿತ್ರವಾಗಿ ಉಳಿಸಿ ತಂದು ಕೂರಿಸಿದೆವು. ಇಂಗ್ಲಿಷಿನಲ್ಲೇ ಹಾಕಿಬಿಡೋಣವೆಂಬ ಸಲಹೆಯೂ ಬಂದಿತ್ತು. ಒಪ್ಪದಿದ್ದುದಕ್ಕೆ ಈಗ ಸಂತೋಷವಿದೆ.

ನಮ್ಮ ಕೊನೆಯ ಚೌಕಟ್ಟು ಒಂದು ಕಲೆಯಾಗಿತ್ತು. ಬೆಳಗಿನ ಅಂಗಳದಲ್ಲಿ, ಟಾರ್ಪಾಲಿನ ಅಂಚಿನಲ್ಲಿ, ಕಡುಗೆಂಪು ದ್ರವ ಹರಿದು ಒಣಗಿದ ಗುರುತು. ರಕ್ತಕ್ಕಾಗಿ ಮೊದಲು ಅರಿಶಿನಕ್ಕೆ ಸುಣ್ಣ ಸೇರಿಸಿ ಓಕುಳಿ ಮಾಡಿ ನೋಡಿದೆವು. ಕಣ್ಣಿಗೆ ಕೆಂಪಾಗಿದ್ದದ್ದು ಕ್ಯಾಮೆರಾದಲ್ಲಿ ಕಿತ್ತಳೆಯಾಗಿ, ನೀರಾಗಿ ಕಂಡಿತು. ಕೊನೆಗೆ ಹಂಡೆಯ ಚೊಗರನ್ನೇ, ಅಂದರೆ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕಡುಗೆಂಪು ನೀರನ್ನೇ, ಬಳಸಿದೆವು. ಮಂದವಾಗಿ, ಒಣಗಿದಂತೆ ಕಪ್ಪಾಗುತ್ತ, ಅದು ನಮ್ಮನ್ನೇ ನಡುಗಿಸುವಷ್ಟು ನಿಜವಾಗಿ ಕಂಡಿತು.

ತರಗತಿಯಲ್ಲಿ ತೋರಿಸಿದಾಗ ಬೆಂಗಳೂರಿನ ಸಹಪಾಠಿಗಳು ಆ ಕಲೆ ಕಂಡೊಡನೆ ಉಸಿರು ಬಿಗಿಹಿಡಿದರು. ಆದರೆ ಹಿಂದಿನ ಸಾಲಿನಲ್ಲಿದ್ದ, ತೀರ್ಥಹಳ್ಳಿ ಕಡೆಯ ಒಬ್ಬಳು ಮತ್ತು ಶಿರಸಿಯ ಒಬ್ಬ ಸುಮ್ಮನೆ ಕುಳಿತಿದ್ದರು. ಮುಗಿದ ಮೇಲೆ ಅವಳು ಬಂದು, “ಚೊಗರು ಚೆಲ್ಲಿದ್ದನ್ನು ಯಾಕೆ ಅಷ್ಟು ಹೊತ್ತು ತೋರಿಸಿದಿರಿ?” ಎಂದು ಕೇಳಿದಳು. ಅವಳ ಅಂಗಳದಲ್ಲೂ ಆ ಕಾಲದಲ್ಲಿ ಅಂಥ ಕಲೆಗಳು ಇದ್ದೇ ಇರುತ್ತವೆ. ನಾವು ನಾಲ್ವರೂ ರಕ್ತವೆಂದುಕೊಂಡು ತೆಗೆದದ್ದನ್ನು, ಅದು ನಿಜವಾಗಿ ಏನಾಗಿತ್ತೋ ಅದಾಗಿಯೇ ಅವಳು ಕಂಡಿದ್ದಳು. ಯಾರ ಕಥೆಯನ್ನು ಹೇಳುತ್ತಿದ್ದೆವೋ ಆ ಜನಕ್ಕೇ ನಮ್ಮ ಆರಂಭದಲ್ಲಿ ಅಪರಾಧ ಕಾಣಿಸಿರಲಿಲ್ಲ. ಕಂಡವರಿಗೆ ಕಂಡದ್ದು ಅಂಗಳ ಗೊತ್ತಿಲ್ಲದ್ದರಿಂದ. ಅಂಕ ಚೆನ್ನಾಗಿಯೇ ಬಂದಿತು, ಆದರೂ ಆ ಪ್ರಶ್ನೆಯನ್ನು ಹಾಗೇ ಬಿಡಲು ಮನಸ್ಸು ಒಪ್ಪಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದಾಗ ಎರಡು ಶಾಟುಗಳನ್ನು ಮತ್ತೆ ತೆಗೆದೆ. ಮೊದಲನೆಯದು ಹಂಡೆಯಿಂದ ಚೊಗರು ಬಗ್ಗಿಸುವಾಗ ಅಂಗಳಕ್ಕೆ ಚೆಲ್ಲುವುದು, ನಾಲ್ಕು ಸೆಕೆಂಡು. ಅದನ್ನು ಆರಂಭದಲ್ಲಿ, ಹೆಸರುಗಳ ನಡುವೆ ಸೇರಿಸಿದೆ. ಈಗ ಬೆಂಗಳೂರಿನವರಿಗೂ ಆ ಕಲೆ ಏನೆಂದು ಗೊತ್ತು. ತೋಟದ ಮಂಜಿನ ಶಾಟು, ನಮಗೆಲ್ಲ ಪ್ರಿಯವಾಗಿದ್ದದ್ದು, ಅದಕ್ಕೆ ಜಾಗ ಬಿಟ್ಟುಕೊಟ್ಟಿತು. ಎರಡನೆಯದು ಕೊನೆಯ ಚೌಕಟ್ಟು. ಕ್ಯಾಮೆರಾ ಅಂಗಳದ ಕಲೆಗಳನ್ನು ದಾಟಿ, ಜಗಲಿ ಹತ್ತಿ, ಮೆಟ್ಟುಗತ್ತಿಯ ಪಕ್ಕ ಅರ್ಧ ಸುಲಿದು ಬಿಟ್ಟ ಅಡಿಕೆಯನ್ನು ದಾಟಿ ನಿಲ್ಲುವುದು ದೇವರ ಕೋಣೆಯ ಹೊಸ್ತಿಲಿನ ಮುಂದೆ. ರಂಗೋಲಿಯ ಎಳೆಯ ಮೇಲೆ ಅದೇ ಬಣ್ಣದ ಒಂದು ಬೆರಳಗಲ ಗುರುತಿದೆ. ಚೊಗರು ಅಲ್ಲಿಗೆ ಹೋಗುವುದಿಲ್ಲ. ಒಟ್ಟು ಅವಧಿ 1 ನಿಮಿಷ 58 ಸೆಕೆಂಡು. ತೀರ್ಥಹಳ್ಳಿಯವಳಿಗೆ ಕಳುಹಿಸಿದೆ; ಐದು ನಿಮಿಷದಲ್ಲಿ ಫೋನು ಮಾಡಿ, ಆ ಮನೆಯೊಳಗೆ ಇನ್ನೂ ಯಾರಿದ್ದರು ಎಂದು ಕೇಳಿದಳು.