ಹಂಡೆಯಿಂದ ಹಣತೆಯವರೆಗೆ

ದೀಪಾವಳಿಯ ಕೆಲಸ ಶುರುವಾಗುವುದು ಬಚ್ಚಲಿನಿಂದ. ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹೂ ಸುತ್ತಿ ಹೊಸ ನೀರು ತುಂಬುತ್ತಾರೆ. ಮರುದಿನ ನರಕ ಚತುರ್ದಶಿ. ನರಕಾಸುರನನ್ನು ಕೊಂದು ಬಂದ ಕೃಷ್ಣ ಮಾಡಿದ ಎಣ್ಣೆಸ್ನಾನವನ್ನೇ ನಾವು ನಸುಕಿನಲ್ಲಿ, ಸೂರ್ಯ ಹುಟ್ಟುವ ಮೊದಲು ಮಾಡುವುದು. ಎಳ್ಳೆಣ್ಣೆ ಉಗುರುಬೆಚ್ಚಗಿದ್ದರೆ ಸಾಕು. ಒಬ್ಬೊಬ್ಬರ ಸ್ನಾನವಾದ ಮೇಲೂ ಬಚ್ಚಲ ನೆಲಕ್ಕೊಂದಿಷ್ಟು ಸೀಗೆಪುಡಿ ಉದುರಿಸಿ ತಿಕ್ಕಿ; ಎರಡನೆಯವರು ಜಾರುವುದು ಮೊದಲನೆಯವರ ಎಣ್ಣೆಯ ಮೇಲೆ.

ಲಕ್ಷ್ಮೀಪೂಜೆಯ ದಿನದ ಬಗ್ಗೆ ಆಗಾಗ ಗೊಂದಲವಾಗುತ್ತದೆ. ಪೂಜೆಗೆ ಸಂಜೆಯ ಹೊತ್ತಿನಲ್ಲಿ ಅಮಾವಾಸ್ಯೆ ಇರಬೇಕು. 2024ರಲ್ಲಿ ಅದು ಅಕ್ಟೋಬರ್ 31ರ ಮಧ್ಯಾಹ್ನ ಹಿಡಿದು ನವೆಂಬರ್ 1ರ ಸಂಜೆಗೆ ಬಿಟ್ಟಿತು. ಹಾಗಾಗಿ ಕೆಲವರು ಮೊದಲ ದಿನ, ಕೆಲವರು ಎರಡನೆಯ ದಿನ ಪೂಜೆ ಮಾಡಿದರು. ನಿಮ್ಮ ಊರಿನ ಪಂಚಾಂಗ ನೋಡಿಕೊಳ್ಳುವುದೇ ಸರಿ.

ಇನ್ನು ಹಣತೆ. ಹೊಸ ಮಣ್ಣಿನ ಹಣತೆಗೆ ನೇರವಾಗಿ ಎಣ್ಣೆ ಸುರಿದರೆ ಮಣ್ಣೇ ಅದನ್ನು ಕುಡಿಯುತ್ತದೆ. ದೀಪ ಬೇಗ ಆರುತ್ತದೆ, ತಳದಿಂದ ಜಿನುಗಿ ಜಗಲಿಯೂ ಕಲೆಯಾಗುತ್ತದೆ. ಹಚ್ಚುವ ದಿನವೇ ನಾಲ್ಕೈದು ಗಂಟೆ ನೀರಲ್ಲಿ ಮುಳುಗಿಸಿಡಿ. ಆಮೇಲೆ ನೆರಳಲ್ಲಿ ಬೋರಲು ಹಾಕಿ, ಒಳಗನ್ನು ಬಟ್ಟೆಯಿಂದ ಒರೆಸಿ. ಒಳಗೆ ನೀರಿನ ಪಸೆ ಉಳಿದರೆ ಬತ್ತಿ ಚಟಪಟ ಸಿಡಿಯುತ್ತದೆ. ಹಿಂದಿನ ದಿನವೇ ನೆನೆಸಿ ಬಿಸಿಲಲ್ಲಿ ಪೂರ್ತಿ ಒಣಗಿಸಿದರೆ ಮಣ್ಣು ಮತ್ತೆ ಎಣ್ಣೆ ಕುಡಿಯಲು ಸಿದ್ಧ.

ಬತ್ತಿ ಹತ್ತಿಯದೇ ಇರಲಿ, ಎರಡೆಳೆ ಸೇರಿಸಿ ಹೊಸೆದದ್ದು. ಬಿಗಿಯಾಗಿ ಹೊಸೆದರೆ ಎಣ್ಣೆ ಏರುವುದಿಲ್ಲ, ತುದಿ ಕರಕಲಾಗುತ್ತದೆ. ಪೂರ್ತಿ ಎಣ್ಣೆಯಲ್ಲಿ ಅದ್ದಿಯೇ ಇಡಬೇಕು. ತುದಿ ಕಾಲು ಇಂಚು ಹೊರಗಿದ್ದರೆ ಸಾಕು. ಉದ್ದ ಬಿಟ್ಟಷ್ಟೂ ಮಸಿ. ಬರೀ ಹರಳೆಣ್ಣೆ ಮಂದವಾದ್ದರಿಂದ ಬತ್ತಿಯಲ್ಲಿ ನಿಧಾನ ಏರುತ್ತದೆ, ಅದಕ್ಕೆ ಅರ್ಧದಷ್ಟು ಎಳ್ಳೆಣ್ಣೆ ಬೆರೆಸಿ. ಹಣತೆ ಮುಕ್ಕಾಲು ಮಾತ್ರ ತುಂಬಿಸಿ. ಅಂಚಿನವರೆಗೆ ಸುರಿದರೆ ಎಣ್ಣೆ ಬತ್ತಿಯ ಗುಂಟ ಮೂತಿಯಿಂದ ಹೊರಗೆ ಇಳಿಯುತ್ತದೆ.

ಕೊನೆಗೆ ಕಾರ್ತಿಕ ಶುದ್ಧ ಪಾಡ್ಯ, ಬಲಿಪಾಡ್ಯಮಿ. ವಾಮನನ ಮೂರನೆಯ ಹೆಜ್ಜೆಗೆ ತಲೆಯೊಡ್ಡಿದ ಬಲಿ ವರ್ಷಕ್ಕೊಮ್ಮೆ ತನ್ನ ನಾಡು ನೋಡಲು ಬರುತ್ತಾನೆ. ಸೋತ ರಾಜನಿಗೆ ಎಷ್ಟು ಆದರದ ಸ್ವಾಗತ! ಉತ್ತರ ಕರ್ನಾಟಕದಲ್ಲಿ ಸಗಣಿಯಿಂದ ಪಾಂಡವರನ್ನು ಮಾಡಿ ಚೆಂಡುಹೂ, ಉತ್ತರಾಣಿ ಸಿಕ್ಕಿಸುತ್ತಾರೆ; ತುಳುನಾಡಿನಲ್ಲಿ ಗದ್ದೆಗೆ ದೀಪವಿಟ್ಟು ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಮಲೆನಾಡಿನ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ರಾತ್ರಿಯಿಡೀ ಮನೆಮನೆಗೆ ಹಾಡುತ್ತಾ ಹೋಗುತ್ತಾರೆ, ಆ ದೀಪ ಆರದಂತೆ ಮನೆಯವರು ಎಣ್ಣೆ ಎರೆಯುತ್ತಾರೆ.

ಅವತ್ತೇ ಗೋಪೂಜೆ. ಪ್ರೀತಿಯಿಂದ ಬುಟ್ಟಿಗಟ್ಟಲೆ ಅನ್ನ, ಹೋಳಿಗೆ ತಿನ್ನಿಸಿದರೆ ದನಕ್ಕೆ ಹೊಟ್ಟೆ ಉಬ್ಬರಿಸುತ್ತದೆ. ಒಂದು ಹಿಡಿ ಪ್ರಸಾದ, ಉಳಿದದ್ದು ಹಸಿಹುಲ್ಲು.