ಬೆರಳು ಓದದ ಮಷೀನು
ಬಳ್ಳಾರಿಯ ಜೀನ್ಸ್ ಯೂನಿಟ್ ಒಂದರಲ್ಲಿ ಲೆಕ್ಕ ಬರೆಯೋಳು ನಾನು. ಬೆರಳೊತ್ತುವ ಹಾಜರಿ ಮಷೀನು ಬಂದು ಆರು ತಿಂಗಳಾಯ್ತು. ಇವತ್ತು ಬೆಳಿಗ್ಗೆ ವಾಷಿಂಗ್ ಕಡೆಯ ಅಕ್ಕ ಒಬ್ಬರು ನಾಲ್ಕು ಸಲ ಒತ್ತಿದರು, ಸೆರಗಿಗೆ ಒರೆಸಿಕೊಂಡು ಐದನೇ ಸಲನೂ ಒತ್ತಿದರು. ಕೆಂಪು ದೀಪವೇ. ದಿನವಿಡೀ ನೀರು, ಕೆಮಿಕಲ್‌ನಲ್ಲಿ ಅದ್ದಿದ ಬೆರಳು. ಗೆರೆ ಸವೆದು ಹೋಗಿ, ಉಗುರ ಸಂದಿಯಲ್ಲಿ ನೀಲಿ ಮಾತ್ರ ಉಳಿದಿದೆ. ಹೊತ್ತಿಗೆ ಸರಿಯಾಗಿ ಬಂದವರ ಅರ್ಧ ದಿನದ ಕೂಲಿ ಹೀಗೆ ಹೋದರೆ ಹೊಟ್ಟೆ ಉರಿಯುತ್ತೆ.

ಒಂದು ಮಷೀನು ಬಳಸೋರಿಗೆ ಎಷ್ಟು ಸುಲಭ ಅಂತ ಅಳೆಯೋಕೆ ಸಿಸ್ಟಮ್ ಯೂಸಬಿಲಿಟಿ ಸ್ಕೇಲ್ ಅಂತ ಒಂದು ಅಳತೆಗೋಲಿದೆ, ಜಾನ್ ಬ್ರೂಕ್ 1986ರಲ್ಲಿ ಮಾಡಿದ್ದು. ಹತ್ತೇ ಹೇಳಿಕೆ, ಒಂದೊಂದಕ್ಕೂ 1ರಿಂದ 5ರ ತನಕ ಉತ್ತರ, ಕೊನೆಗೆ 100ಕ್ಕೆ ಲೆಕ್ಕ. 68ರ ಆಸುಪಾಸು ಸರಾಸರಿ ಅಂತಾರೆ. ಅದನ್ನ ನಮ್ಮ ಮಾತಿಗೆ ತಂದು, ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಎಲ್ಲರಿಗೂ ಓದಿ ಹೇಳಿದೆ. ‘ಇದನ್ನ ಬಳಸುವಾಗ ನನಗೆ ಧೈರ್ಯ ಇತ್ತು’ ಅನ್ನೋ ಸಾಲು ಬಂದಾಗ ಆ ಅಕ್ಕ ಮುರಿದ ರೊಟ್ಟಿ ಕೈಯಲ್ಲೇ ಹಿಡಿದು ಸುಮ್ಮನಾದರು.

ಮಷೀನು ತರೋ ಮುಂಚೆ ಇವರ ಕೈ ಯಾರೂ ನೋಡಿರಲೇ ಇಲ್ಲ. ನಾಳೆ ಮಾಲೀಕರ ಟೇಬಲ್ ಮೇಲೆ ಎಲ್ಲರ ಉತ್ತರ ಬರೆದುಕೊಂಡ ಈ ಹಾಳೆಗಳನ್ನ ಇಡ್ತೀನಿ, ಪಕ್ಕದಲ್ಲಿ ಹಳೇ ಹಾಜರಿ ಪುಸ್ತಕನೂ.