ಡ್ರಾಯಿಂಗ್ ಬಂದ ದಿನವೇ ಕೇಳಿ: ಫೌಂಡ್ರಿಗೆ ಶಸ್ತ್ರಾಸ್ತ್ರದ ಕೆಲಸ ಬಂದಾಗ

ಶಿವಮೊಗ್ಗದ ಹತ್ತಿರದ ಮಾಚೇನಹಳ್ಳಿಯಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗೆ ಬರುವ ಎನ್‌ಕ್ವೈರಿಯಲ್ಲಿ 'ಇದು ಬಾಂಬಿನ ಭಾಗ' ಎಂದು ಬರೆದಿರುವುದಿಲ್ಲ. ಒಂದು ಪಿಡಿಎಫ್ ಡ್ರಾಯಿಂಗ್ ಬರುತ್ತದೆ. ಹೆಸರಿನ ಜಾಗದಲ್ಲಿ 'ಬಾಡಿ' ಅಥವಾ 'ಹೌಸಿಂಗ್' ಎಂದಿರುತ್ತದೆ. ಅದರ ಕೆಳಗೆ ಕಬ್ಬಿಣದ ಗ್ರೇಡು, ತೂಕ, ತಿಂಗಳಿಗೆ ಎಷ್ಟು ಪೀಸ್ ಬೇಕು ಎಂಬ ಲೆಕ್ಕ. ಕಳಿಸಿದವರು ಬೆಂಗಳೂರಿನದೋ ಪುಣೆಯದೋ ಒಂದು ಮಷೀನಿಂಗ್ ಕಂಪನಿ. ನಾವು ಎರಕದವರು ಕೇಜಿ ಲೆಕ್ಕದಲ್ಲಿ ದರ ಹೇಳುತ್ತೇವೆ. ಟ್ರ್ಯಾಕ್ಟರಿನ ಆಕ್ಸಲ್ ಹೌಸಿಂಗಿಗೂ ಕೇಜಿ, ಪಂಪಿನ ಬಾಡಿಗೂ ಕೇಜಿ. ಹೀಗೆ ತೂಗಿ ಮಾರಿ ಅಭ್ಯಾಸವಾದ ಕಡೆ ವಸ್ತು ಕೊನೆಗೆ ಏನಾಗುತ್ತದೆ ಎಂಬ ಪ್ರಶ್ನೆ ಯಾರ ಬಾಯಿಗೂ ಬರುವುದಿಲ್ಲ.

ಭದ್ರಾವತಿಯ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಹರಿಯಲು ಶುರುವಾದಾಗಿನಿಂದ ಈ ಸೀಮೆಗೆ ಎರಕದ ಕೆಲಸ ಗೊತ್ತು. ನಮ್ಮ ಫೌಂಡ್ರಿಗಳು ಹೆಚ್ಚಾಗಿ ಬದುಕುತ್ತಿರುವುದು ಲಾರಿ, ಟ್ರ್ಯಾಕ್ಟರ್, ಜೆಸಿಬಿ ತರದ ಯಂತ್ರಗಳ ಭಾಗಗಳ ಮೇಲೆ. ಆಟೊಮೊಬೈಲ್ ಬಿದ್ದ ವರ್ಷ ಫರ್ನೇಸ್ ಖಾಲಿ ಕೂರುತ್ತದೆ, ಕರೆಂಟ್ ಬಿಲ್ ಕೂರುವುದಿಲ್ಲ. ರಕ್ಷಣಾ ಇಲಾಖೆಯ ಕೆಲಸ ಬರುವುದು ಹೆಚ್ಚಾಗಿ ಅಂಥ ವರ್ಷದಲ್ಲೇ. ಆಗ ಯೋಚಿಸುತ್ತ ಕೂರಲು ಯಾರಿಗೂ ಪುರಸೊತ್ತು ಇರುವುದಿಲ್ಲ. ಹಾಗಾಗಿ ಏನು ಮಾಡುತ್ತೇವೆ, ಏನು ಮಾಡುವುದಿಲ್ಲ ಎಂಬುದನ್ನು ಕೈತುಂಬ ಕೆಲಸ ಇರುವಾಗಲೇ ಮಾಲೀಕರೂ ಎಂಜಿನಿಯರರೂ ಕೂತು ಬರೆದಿಟ್ಟುಕೊಂಡಿರಬೇಕು.

ಈ ಕೆಲಸದಲ್ಲಿ ಬೇಡ ಅನ್ನುವ ಸ್ವಾತಂತ್ರ್ಯ ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಹೋಗುತ್ತದೆ. ಎನ್‌ಕ್ವೈರಿ ಬಂದ ದಿನ 'ಬೇಡ' ಅಂದರೆ ಹೋಗುವುದು ಒಂದು ಇಮೇಲ್ ಮಾತ್ರ. ಮರಳಿನ ಅಚ್ಚಿಗೆ ಬೇಕಾದ ಪ್ಯಾಟರ್ನ್ ಮತ್ತು ಕೋರ್ ಬಾಕ್ಸ್ ಆದ ಮೇಲೆ 'ಬೇಡ' ಅಂದರೆ ಲಕ್ಷಗಟ್ಟಲೆ ಟೂಲಿಂಗ್ ಹಣದ ಜಗಳ. ಸ್ಯಾಂಪಲ್ ಪಾಸಾಗಿ ಹೊಸ ಮೌಲ್ಡಿಂಗ್ ಲೈನಿಗೆ ಬ್ಯಾಂಕಿನ ಸಾಲ ತಂದು, ಮೂರನೇ ಶಿಫ್ಟಿಗೆ ಹುಡುಗರನ್ನು ತೆಗೆದುಕೊಂಡ ಮೇಲೆ ಮಾಲೀಕರಿಗೂ ಬಿಡಲಾಗುವುದಿಲ್ಲ, ಎಂಜಿನಿಯರಿಗೂ ಬಾಯಿ ಬರುವುದಿಲ್ಲ. ಮನಸ್ಸಿಗೆ ಒಗ್ಗದ ಕೆಲಸದಲ್ಲಿ ಸಿಕ್ಕಿಕೊಂಡವರಲ್ಲಿ ಹೆಚ್ಚಿನವರು ಸಿಕ್ಕಿಕೊಳ್ಳುವುದು ಹೀಗೇ. ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ, ಕೇಳಬೇಕಾದ ದಿನ ಕೇಳಲಿಲ್ಲ ಅಷ್ಟೆ.

ಕೇಳುವುದಕ್ಕೆ ಮೊದಲು ಡ್ರಾಯಿಂಗನ್ನೇ ಓದಿ. ಬಾಳೆಮೂತಿಯ ಹಾಗೆ ನಡುವೆ ಉಬ್ಬಿ ಎರಡೂ ತುದಿಗೆ ಸಣ್ಣದಾಗುವ, ಒಳಗೆ ಪೊಳ್ಳಾದ, ಎರಡೂ ತುದಿಯಲ್ಲಿ ತ್ರೆಡ್ ಇರುವ ಎಸ್‌ಜಿ ಐರನ್ (ಒಳಗೆ ಗ್ರಾಫೈಟು ಗುಂಡಗೆ ಕೂತ ಗಟ್ಟಿ ಎರಕದ ಕಬ್ಬಿಣ) ಬಾಡಿ ಬಹುಮಟ್ಟಿಗೆ ಮಾರ್ಟರ್ ಬಾಂಬಿನದೇ. ಅಂಗೈಯಲ್ಲಿ ಹಿಡಿಸುವ, ಅನಾನಸಿನ ಮೈಯಂತೆ ಚೌಕ ಚೌಕ ಗೀರಿರುವ ಟೊಳ್ಳು ಎರಕ ಏನೆಂದು ಹೇಳಬೇಕಾಗಿಲ್ಲ. ಆಕಾರ ಗೊತ್ತಾಗದಿದ್ದರೆ ಟಿಪ್ಪಣಿಗಳನ್ನು ನೋಡಿ. ಒಳಗಿನ ಖಾಲಿ ಜಾಗದ ಅಳತೆಯನ್ನು ಸಿಸಿಯಲ್ಲಿ ಕೊಟ್ಟು ಟಾಲರೆನ್ಸ್, ಅಂದರೆ ಎಷ್ಟು ಹೆಚ್ಚುಕಡಿಮೆಯಾಗಬಹುದೆಂಬ ಮಿತಿ, ಹಾಕಿದ್ದರೆ, ಪೀಸುಗಳನ್ನು ಗ್ರಾಂ ಲೆಕ್ಕದಲ್ಲಿ ತೂಕದ ವರ್ಗವಾಗಿ ಬೇರ್ಪಡಿಸಲು ಹೇಳಿದ್ದರೆ, ಅದು ಪಂಪಿನ ಬಾಡಿ ಅಲ್ಲ. ಜೆಎಸ್‌ಎಸ್ ಎಂದು ಶುರುವಾಗುವ ಸ್ಪೆಸಿಫಿಕೇಶನ್ ನಂಬರ್ ಇದ್ದರೆ ಅದು ಮೂರೂ ಸೇನೆಗಳ ಜಂಟಿ ಮಾನದಂಡ. 'ಡಿಜಿಕ್ಯೂಎ ಇನ್‌ಸ್ಪೆಕ್ಷನ್' (ರಕ್ಷಣಾ ಇಲಾಖೆಯ ಗುಣಮಟ್ಟ ಪರೀಕ್ಷಕರ ತಪಾಸಣೆ) ಎಂದಿದ್ದರೆ ಮಾಲು ಸೇನೆಗೆ ಹೋಗುತ್ತದೆ, ಅಷ್ಟು ಮಾತ್ರ ಗೊತ್ತಾಗುತ್ತದೆ. ಅದು ಅಡುಗೆ ಟ್ರೇಲರಿನ ಚಕ್ರದ ಹಬ್ಬೂ ಆಗಿರಬಹುದು.

ಪರ್ಚೇಸ್ ಆರ್ಡರಿನಲ್ಲಿ ಸರಕು ಯಾವ ವರ್ಗದ್ದೆಂದು ತಿಳಿಸುವ ಎಚ್‌ಎಸ್‌ಎನ್ ಸಂಖ್ಯೆಯನ್ನು ಅಕೌಂಟ್ಸ್ ವಿಭಾಗದವರು ಮಾತ್ರ ನೋಡುತ್ತಾರೆ, ಎಂಜಿನಿಯರರೂ ನೋಡಬೇಕು. ವಾಹನದ ಭಾಗ 8708, ಸಾಮಾನ್ಯ ಕಬ್ಬಿಣದ ಎರಕ 7325. ಬಾಂಬು, ಗ್ರೆನೇಡು, ಮೈನು, ಕ್ಷಿಪಣಿ, ಕಾಡತೂಸು, ಇವುಗಳ ಭಾಗಗಳು 9306. ಬಂದೂಕು ಫಿರಂಗಿಗಳ ಭಾಗಗಳು 9305. ಡ್ರಾಯಿಂಗು ಒಂದು ಹೇಳುತ್ತಿದ್ದು, ಬಿಲ್ಲನ್ನು ಮಾತ್ರ 7325ರಲ್ಲಿ ಮಾಡಿ ಎಂದು ಒತ್ತಾಯ ಬಂದರೆ ಅಲ್ಲಿಗೆ ನಿಲ್ಲಿಸಿ.

ಆಮೇಲೆ ಕೇಳುವುದು, ಬರವಣಿಗೆಯಲ್ಲಿ. ಫೋನಿನಲ್ಲಿ ಕೇಳಿದ್ದಕ್ಕೆ ಬರುವ 'ಡಿಫೆನ್ಸ್ ಐಟಂ ಸಾರ್, ಡೀಟೇಲ್ಸ್ ಹೇಳೋ ಹಾಗಿಲ್ಲ' ಎಂಬ ಮಾತನ್ನು ಉತ್ತರವೆಂದು ತೆಗೆದುಕೊಳ್ಳಬೇಡಿ. ವಿನ್ಯಾಸದ ವಿವರ ಗುಟ್ಟಾಗಿರಬಹುದು, ನಾವು ಅದನ್ನು ಕೇಳುತ್ತಿಲ್ಲ. ಇದು ಯಾವ ಜಾತಿಯ ಸಾಧನದ ಭಾಗ, ಕೊನೆಯ ಬಳಕೆದಾರ ಭಾರತದ ಸೇನೆಯೋ ಹೊರದೇಶವೋ, ಹೊರದೇಶವಾದರೆ ರಫ್ತಿನ ಅನುಮತಿ ಯಾರ ಹೆಸರಿನಲ್ಲಿದೆ, ಅದರ ನಕಲು ನಮ್ಮ ಫೈಲಿಗೆ ಸಿಗುತ್ತದೆಯೇ, ಇಷ್ಟು ಕೇಳಿ. ನೇರವಾಗಿ ವ್ಯವಹಾರ ಮಾಡುವ ಗ್ರಾಹಕರಿಗೆ ಇದಕ್ಕೆ ಉತ್ತರ ಕೊಡುವುದು ಕಷ್ಟವಲ್ಲ. ಅನುಮತಿಗಾಗಿ ಅವರು ಇದೇ ಮಾಹಿತಿಯನ್ನು ಸರ್ಕಾರಕ್ಕೆ ಕೊಟ್ಟಿರುತ್ತಾರೆ.

'ನಾವು ಕೊಡುವುದು ಬರೀ ಹಸಿ ಎರಕ, ಮಷೀನಿಂಗ್ ಕೂಡ ಮಾಡುವುದಿಲ್ಲ, ನಮಗೇನು ಸಂಬಂಧ' ಎಂಬ ಮಾತು ನಮ್ಮ ಕಡೆ ತುಂಬ ಕೇಳಿಬರುತ್ತದೆ. ಕಾನೂನು ಇದನ್ನು ಒಪ್ಪುವುದಿಲ್ಲ. ರಫ್ತಿನ ಮೇಲೆ ನಿಯಂತ್ರಣ ಇರುವ ವಸ್ತುಗಳ ಪಟ್ಟಿಗೆ ಸ್ಕೋಮೆಟ್ ಎನ್ನುತ್ತಾರೆ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಅದನ್ನು ಪ್ರಕಟಿಸುತ್ತದೆ. ಅದರ ಆರನೇ ವರ್ಗ ಯುದ್ಧ ಸಾಮಗ್ರಿಯದು, ಅದಕ್ಕೆ ಅನುಮತಿ ಕೊಡುವುದು ರಕ್ಷಣಾ ಉತ್ಪಾದನಾ ಇಲಾಖೆ. ಆ ವರ್ಗದಲ್ಲಿ 6ಎ016 ಎಂಬ ನಮೂದನ್ನು ಪ್ರತಿ ಫೌಂಡ್ರಿಯವರೂ ಓದಬೇಕು. ಆಯುಧಕ್ಕೆಂದೇ ವಿನ್ಯಾಸ ಮಾಡಿದ ಫೋರ್ಜಿಂಗು, ಎರಕ ಮತ್ತು ಪೂರ್ತಿ ಸಿದ್ಧವಾಗದ ಇತರ ವಸ್ತುಗಳು ಅದರಲ್ಲಿ ಬರುತ್ತವೆ. ಅಚ್ಚು ಒಡೆಯುವ ನಮ್ಮ ಶೇಕ್‌ಔಟಿನಿಂದ ಹೊರಬಿದ್ದ ಮರಳು ಮೆತ್ತಿದ ಪೀಸು ಕೂಡ, ಆಕಾರದಿಂದಲೋ ಲೋಹದಿಂದಲೋ ಅದರ ಕೆಲಸ ಗುರುತಿಸಬಹುದಾದರೆ, ಈ ಲೆಕ್ಕಕ್ಕೆ ಸೇರುತ್ತದೆ. ಡ್ರಾಯಿಂಗನ್ನು ಹೊರದೇಶಕ್ಕೆ ಇಮೇಲ್ ಮಾಡುವುದೂ ತಂತ್ರಜ್ಞಾನದ ರಫ್ತೇ. 1959ರ ಆಯುಧ ಕಾಯ್ದೆಯ ವ್ಯಾಖ್ಯೆಯಲ್ಲೂ ಆಯುಧ ಅಂದರೆ ಅದರ ಭಾಗಗಳೂ ಸೇರಿವೆ, ಮದ್ದುಗುಂಡು ಅಂದರೆ ಅದರ ಭಾಗಗಳೂ ಸೇರಿವೆ. 2014ರಲ್ಲಿ ಕೈಗಾರಿಕಾ ಲೈಸೆನ್ಸಿನ ಪಟ್ಟಿಯಿಂದ ಎಷ್ಟೋ ಎರಕ, ಫೋರ್ಜಿಂಗು, ಬಿಡಿಭಾಗಗಳನ್ನು ಕೈಬಿಟ್ಟರು. ಅದನ್ನೇ ಹಿಡಿದು 'ಈಗ ಯಾವ ಲೈಸೆನ್ಸೂ ಬೇಡ' ಎಂದು ಗ್ರಾಹಕರು ಹೇಳುತ್ತಾರೆ. ನಿಮ್ಮ ಪೀಸು ಯಾವ ಕಡೆ ಬೀಳುತ್ತದೆ ಎಂದು ವಕೀಲರಿಂದ ಲಿಖಿತ ಅಭಿಪ್ರಾಯ ತೆಗೆದುಕೊಳ್ಳಿ. ಸಾಮೂಹಿಕ ನಾಶದ ಅಸ್ತ್ರಗಳ 2005ರ ಕಾಯ್ದೆ ಇನ್ನೂ ಬಿಗಿ. ಅಣ್ವಸ್ತ್ರ, ರಾಸಾಯನಿಕ, ಜೈವಿಕ ಅಸ್ತ್ರಕ್ಕೆ ಹೋಗುತ್ತದೆ ಎಂದು ತಿಳಿದಿದ್ದರೆ ಪಟ್ಟಿಯಲ್ಲಿ ಹೆಸರಿಲ್ಲದ ವಸ್ತುವನ್ನೂ ರಫ್ತು ಮಾಡುವಂತಿಲ್ಲ.

ಆದರೆ ರಫ್ತಿನ ಕಾನೂನು ಮುಖ್ಯವಾಗಿ ಪ್ರಶ್ನೆ ಕೇಳುವುದು ರಫ್ತು ಮಾಡುವವರನ್ನು. ನಾವು ಬೆಂಗಳೂರಿಗೆ ಬಿಲ್ ಹಾಕಿದರೆ ರಫ್ತಿನ ಬಗ್ಗೆ ನಮ್ಮನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಜೊತೆಗೆ, ಆಯುಧ ವ್ಯಾಪಾರದ ಜಾಗತಿಕ ಒಪ್ಪಂದ 2014ರಿಂದ ಜಾರಿಯಲ್ಲಿದ್ದರೂ ಭಾರತ ಅದಕ್ಕೆ ಸೇರಿಲ್ಲ. ನೆಲಬಾಂಬು ನಿಷೇಧದ 1997ರ ಒಪ್ಪಂದಕ್ಕೂ, ಸಣ್ಣ ಸಣ್ಣ ಗುಂಡುಗಳನ್ನು ಚೆಲ್ಲುವ ಕ್ಲಸ್ಟರ್ ಬಾಂಬು ನಿಷೇಧದ 2008ರ ಒಪ್ಪಂದಕ್ಕೂ ಸೇರಿಲ್ಲ. ಅಂದರೆ ಕಾನೂನು ಬಿಡುವ ಕೆಲಸಗಳಲ್ಲೂ ಮನಸ್ಸು ಒಪ್ಪದವು ಇರಬಹುದು. ಅಲ್ಲಿ ಗೆರೆ ಎಳೆದುಕೊಳ್ಳಬೇಕಾದವರು ನಾವೇ.

ನನ್ನ ಗೆರೆ 'ಡಿಫೆನ್ಸ್' ಎಂಬ ಪದದ ಮೇಲಿಲ್ಲ. ಮಲೆನಾಡಿನ ಮನೆಗಳಿಂದಲೂ ಹುಡುಗರು ಸೇನೆಗೆ ಹೋಗಿದ್ದಾರೆ. ಅವರು ಓಡಿಸುವ ಲಾರಿಯ ಬ್ರೇಕ್ ಡ್ರಮ್ಮು ಚೆನ್ನಾಗಿರಬೇಕು, ದಾಟುವ ಸೇತುವೆಯ ಪಿನ್ನು ಗಟ್ಟಿಯಿರಬೇಕು. ಗಡಿ ಕಾಯುವವರ ಕೈಗೆ ಆಯುಧವೂ ಬೇಕು. ಕೋವಿ ನಮಗೆ ಹೊಸದಲ್ಲ. ಹಂದಿ, ಮಂಗಗಳಿಂದ ಬೆಳೆ ಉಳಿಸಲು ಲೈಸೆನ್ಸ್ ತೆಗೆದುಕೊಂಡ ಮನೆಯವರು ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುತ್ತಾರೆ. ಯಾರ ಕೈಯಲ್ಲಿದೆ, ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬುದು ಅಲ್ಲಿ ಸ್ಪಷ್ಟ. ಆಯುಧದ ಎರಕಕ್ಕೂ ನಾನು ಅದನ್ನೇ ಕೇಳುತ್ತೇನೆ. ಕೊನೆಯ ಬಳಕೆದಾರ ಯಾರೆಂದು ಹೇಳದ ಆರ್ಡರ್ ಬೇಡ. ಯುದ್ಧ ಮುಗಿದ ಮೇಲೂ ಗದ್ದೆಯಲ್ಲಿ ಉಳಿದು, ವರ್ಷಗಳ ನಂತರ ದನ ಕಾಯುವ ಮಗುವಿನ ಕಾಲ ಕೆಳಗೆ ಸಿಡಿಯುವ ಜಾತಿಯ ವಸ್ತು, ಅಂದರೆ ಜನರ ಮೇಲಿನ ನೆಲಬಾಂಬು ಮತ್ತು ಕ್ಲಸ್ಟರ್ ಬಾಂಬಿನ ಒಳಗುಂಡು, ಯಾರೇ ಕೇಳಿದರೂ ಬೇಡ. ನಿಮ್ಮ ಗೆರೆ ಬೇರೆ ಇರಬಹುದು, ಇದಕ್ಕಿಂತ ಬಿಗಿಯೂ ಇರಬಹುದು. ಅದು ಕಾಗದದ ಮೇಲೆ ಇರಲಿ.

ಒಪ್ಪಿ ತೆಗೆದುಕೊಂಡ ಕೆಲಸದಲ್ಲಿ ಇನ್ನೊಂದು ನೈತಿಕ ಪ್ರಶ್ನೆ ದಿನವೂ ಶಾಪ್ ಫ್ಲೋರಿನಲ್ಲೇ ಏಳುತ್ತದೆ. ಎಸ್‌ಜಿ ಐರನ್ನಿನಲ್ಲಿ ಗ್ರಾಫೈಟು ಗುಂಡಗೆ ಕೂರಬೇಕಾದರೆ ಮೆಗ್ನೀಸಿಯಮ್ ಬೇಕು, ಸಾಮಾನ್ಯವಾಗಿ ಕರಗಿದ ಲೋಹದಲ್ಲಿ 0.035ರಿಂದ 0.05 ಶೇಕಡಾ ಉಳಿಯಬೇಕು. ಟ್ರೀಟ್‌ಮೆಂಟ್ ಆದ, ಅಂದರೆ ಮೆಗ್ನೀಸಿಯಮ್ ಬೆರೆಸಿದ, ಕ್ಷಣದಿಂದ ಅದು ಆರುತ್ತ ಹೋಗುತ್ತದೆ. ಎಂಟು ಹತ್ತು ನಿಮಿಷದೊಳಗೆ ಲೋಹ ಹೊಯ್ಯುವ ಪಾತ್ರೆ, ಲ್ಯಾಡಲ್, ಖಾಲಿಯಾಗಬೇಕು. ಕ್ರೇನ್ ತಡವಾಗಿ, ಮೌಲ್ಡ್ ಸಾಲು ಉದ್ದವಾಗಿ ಹದಿನೈದು ನಿಮಿಷ ಆಯಿತೆನ್ನಿ. ಕೊನೆಯ ಮೌಲ್ಡುಗಳಲ್ಲಿ ಗ್ರಾಫೈಟು ಗುಂಡಗಿನ ಆಕಾರ ಬಿಟ್ಟು ಹುಳುವಿನ ಹಾಗೆ ಉದ್ದವಾಗುತ್ತದೆ, ಪೀಸಿನ ಬಲ ಬೀಳುತ್ತದೆ. ಹೊರಗಿನಿಂದ ನೋಡಿದರೆ ಮೊದಲನೆಯದಕ್ಕೂ ಕೊನೆಯದಕ್ಕೂ ವ್ಯತ್ಯಾಸವಿಲ್ಲ.

ಪರೀಕ್ಷೆಗೆ ಹೊಯ್ಯುವ ಟೆಸ್ಟ್ ಬಾರನ್ನು ಮೊದಲ ಲೋಹದಿಂದ ಹೊಯ್ದರೆ ಸರ್ಟಿಫಿಕೇಟಿನಲ್ಲಿ ನಾಡ್ಯುಲಾರಿಟಿ (ಗುಂಡಗಿನ ಗ್ರಾಫೈಟಿನ ಪಾಲು) ಶೇ. 90 ಬರುತ್ತದೆ. ಬರೆದದ್ದು ಸುಳ್ಳಲ್ಲ, ಆದರೂ ಆ ಸರ್ಟಿಫಿಕೇಟ್ ಕೊನೆಯ ನಾಲ್ಕು ಪೀಸುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಬಾರನ್ನು ಲ್ಯಾಡಲಿನ ಕೊನೆಯ ಲೋಹದಿಂದ ಹೊಯ್ಯಬೇಕು. ಟ್ರೀಟ್‌ಮೆಂಟಿನ ಸಮಯ ಮತ್ತು ಕೊನೆಯ ಮೌಲ್ಡಿನ ಸಮಯ ಎರಡನ್ನೂ ಆ ಬಾರಿ ಕರಗಿಸಿದ ಲೋಹದ ದಾಖಲೆಯಾದ ಹೀಟ್ ಶೀಟಿನಲ್ಲಿ ಬರೆಯಬೇಕು. ಮಿತಿ ದಾಟಿದ ಮೌಲ್ಡುಗಳಿಗೆ ಸುಣ್ಣದ ಗುರುತು ಹಾಕಿ ಬೇರೆ ಇಡಬೇಕು. ಹಾಗೆಯೇ ಒಳಗಿನ ಪೊಳ್ಳಿಗೆ ಇಡುವ ಮರಳಿನ ಕೋರು ಎರಡು ಮಿಲಿಮೀಟರ್ ಸರಿದರೆ ಒಂದು ಬದಿಯ ಗೋಡೆ ತೆಳ್ಳಗಾಗುತ್ತದೆ, ಇನ್ನೊಂದು ದಪ್ಪವಾಗುತ್ತದೆ. ಒಟ್ಟು ತೂಕ ಮಾತ್ರ ಸರಿಯಾಗಿಯೇ ಇರುತ್ತದೆ. ಸುತ್ತ ನಾಲ್ಕು ಕಡೆ ಅಲ್ಟ್ರಾಸಾನಿಕ್ ಗೇಜ್ ಇಟ್ಟು ದಪ್ಪ ನೋಡದೆ ಇದು ಸಿಗುವುದಿಲ್ಲ. ಗಾಳಿ ಸಿಕ್ಕಿ ಉಳಿದ ರಂಧ್ರಕ್ಕೆ, ಬ್ಲೋ ಹೋಲಿಗೆ, ಮೆಟಲ್ ಪುಟ್ಟಿ ತುಂಬಿ ಗ್ರೈಂಡರ್ ಹೊಡೆದು ಪೇಂಟ್ ಮಾಡುವುದು ಪಂಪಿನ ಬಾಡಿಯಲ್ಲೂ ತಪ್ಪು. ಅಲ್ಲಿ ನೀರು ಸೋರುತ್ತದೆ, ಮಾಲು ವಾಪಸ್ ಬರುತ್ತದೆ. ಮದ್ದು ತುಂಬುವ ಪೀಸಿನಲ್ಲಿ ಅದೇ ರಂಧ್ರ ನಳಿಕೆಯ ಒಳಗೇ ಸ್ಫೋಟಕ್ಕೆ ದಾರಿ. ಸಾಯುವವರು ಅದನ್ನು ಹಾರಿಸಲು ನಿಂತ ನಮ್ಮದೇ ಜವಾನರು. ಡಿಸ್ಪ್ಯಾಚ್ ಒತ್ತಡದಲ್ಲಿ, ಮಾನದಂಡ ತಪ್ಪಿದ ಪೀಸನ್ನೂ ಬಿಡಲು 'ಡೀವಿಯೇಶನ್' ಸಹಿ ಕೇಳಿದಾಗ ಕ್ವಾಲಿಟಿಯವರು ಈ ಒಂದು ಕೆಲಸದಲ್ಲಿ ಮಾಲೀಕರ ಮಾತಿಗೂ ಬಗ್ಗಬಾರದು. ಆ ಅಧಿಕಾರ ಅವರದೇ ಎಂದು ಮಾಲೀಕರು ಮೊದಲೇ ಬರೆದುಕೊಟ್ಟಿರಬೇಕು.

ಮೌಲ್ಡಿಂಗ್, ಫೆಟ್ಲಿಂಗ್ (ಎರಕ ಉಜ್ಜಿ ಶುಚಿ ಮಾಡುವುದು) ಮಾಡುವವರಿಗೆ ಇದು ಏನೆಂದು ಹೇಳಬೇಕೇ? ಹೇಳಬೇಕು. ಒಪ್ಪಂದದ ಗುಟ್ಟು ಒಡೆಯದೆಯೇ 'ಇದು ಸೇನೆಯ ಮದ್ದುಗುಂಡಿನ ಭಾಗ' ಎಂದು ಹೇಳಲು ಬರುತ್ತದೆ. ಅಷ್ಟಕ್ಕೆ ಅವಕಾಶವಿದೆಯೇ ಎಂದು ಆರ್ಡರ್ ಒಪ್ಪುವಾಗಲೇ ಗ್ರಾಹಕರಿಂದ ಬರೆಸಿಕೊಳ್ಳಿ. 2021ರ ಜನವರಿ 21ರ ರಾತ್ರಿ ಹುಣಸೋಡಿನ ಕ್ರಷರ್ ಬಳಿ ಕಲ್ಲು ಒಡೆಯಲು ತಂದಿದ್ದ ಸ್ಫೋಟಕ ಸಿಡಿದದ್ದನ್ನು ಶಿವಮೊಗ್ಗದವರು ಮರೆತಿಲ್ಲ. ಸದ್ದು ಪಕ್ಕದ ಜಿಲ್ಲೆಗಳಿಗೂ ಕೇಳಿತ್ತು, ಜನ ಸತ್ತಿದ್ದರು. ನಮ್ಮ ಎರಕದೊಳಗೆ ಮದ್ದು ಇರುವುದಿಲ್ಲ, ಆ ಅಪಾಯ ನಮ್ಮಲ್ಲಿಲ್ಲ. ಆದರೂ ಎತ್ತಿ ಇಳಿಸುವವರಿಗೆ ತಾವು ಮುಟ್ಟುತ್ತಿರುವುದು ಏನೆಂದು ತಿಳಿದಿರಬೇಕು. ತಿಳಿದ ಮೇಲೆ ಒಬ್ಬರು ಬೇಡ ಅಂದರೆ ಬೇರೆ ಲೈನಿಗೆ ಹಾಕಿ, ಕೂಲಿಯಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡಬೇಡಿ.

ಇಲ್ಲಿ ಓದಿ ಬೆಂಗಳೂರಿನ ರಕ್ಷಣಾ ಕಂಪನಿಗಳಿಗೆ ಹೋಗುವ ಹುಡುಗ ಹುಡುಗಿಯರು ಇಂಟರ್‌ವ್ಯೂನಲ್ಲಿ ಸಂಬಳದ ಜೊತೆ ಇದನ್ನೂ ಕೇಳಬಹುದು: ಯಾವ ಉತ್ಪನ್ನದ ಮೇಲೆ ಹಾಕುತ್ತೀರಿ, ಮುಂದೆ ಬೇಡವೆನಿಸಿದರೆ ಬೇರೆ ಪ್ರಾಜೆಕ್ಟಿಗೆ ಬದಲಿಸುವ ದಾರಿ ಇದೆಯೇ, ಬಾಂಡ್ ಎಷ್ಟು ವರ್ಷ. ಸೇರಿದ ಮೇಲೆ ಮನಸ್ಸು ಒಪ್ಪದಿದ್ದರೆ ಮೊದಲು ಮೇಲಿನವರಿಗೆ ಬರವಣಿಗೆಯಲ್ಲಿ ಪ್ರಾಜೆಕ್ಟ್ ಬದಲಿ ಕೇಳಿ. ಆರು ತಿಂಗಳ ಖರ್ಚು ಕೈಯಲ್ಲಿದ್ದರೆ ಆ ಕಾಗದ ಬರೆಯುವ ಕೈ ನಡುಗುವುದಿಲ್ಲ. ಬಿಡುವಾಗ ಒಂದು ಫೈಲನ್ನೂ ಮನೆಗೆ ತರಬೇಡಿ, ಅಳಿಸಲೂ ಬೇಡಿ. ಅಧಿಕೃತ ರಹಸ್ಯಗಳ 1923ರ ಕಾಯ್ದೆ ರಾಜೀನಾಮೆಯ ಜೊತೆ ಮುಗಿಯುವುದಿಲ್ಲ.

ಕೊನೆಯದು ಗುಜರಿ. ರಿಜೆಕ್ಟ್ ಆದ ಪೀಸುಗಳನ್ನು ಇಡಿಯಾಗಿ ಗುಜರಿಗೆ ಮಾರಲೇಬಾರದು. ಆಕಾರ ಸರಿಯಿರುವ ಪೊಳ್ಳು ಬಾಡಿ ಯಾರ ಕೈಗಾದರೂ ಸಿಕ್ಕಬಹುದು. ಸಾಕ್ಷಿಗಳ ಮುಂದೆ ಒಡೆದು ನಮ್ಮದೇ ಫರ್ನೇಸಿಗೆ ಹಾಕಿ, ಹೀಟ್ ನಂಬರಿನ ಎದುರು ಇಬ್ಬರ ಸಹಿ ತೆಗೆದುಕೊಳ್ಳಬೇಕು. ಎರಕ ಹೊಯ್ದ ಸಂಖ್ಯೆಗೆ ಕಳಿಸಿದ್ದು, ಒಡೆದದ್ದು, ಸ್ಟಾಕಿನಲ್ಲಿರುವುದು ಮೂರೂ ಸೇರಿ ತಾಳೆಯಾಗಬೇಕು. ಪ್ರತಿ ಶಿಫ್ಟಿನ ಕೊನೆಗೆ ಎಣಿಸಿ, ಎರಡು ಪೀಸು ಕಡಿಮೆ ಬಂದರೆ ಸಿಗುವವರೆಗೆ ಗೇಟಿನಿಂದ ಒಂದು ಲಾರಿಯನ್ನೂ ಹೊರಗೆ ಬಿಡಬೇಡಿ.